ಹಿಮದಲ್ಲಿ ಬೆವರಿದ ಸರ್ವೋತ್ತಮರು

ಸರ್ವೋತ್ತಮರಿಗೆ ಹೆಂಡತಿಯ ಹೆದರಿಕೆ ಇರಲಿಲ್ಲ. (ಇತ್ತು, ಆದರೆ ಮೂವತ್ತನಾಲ್ಕು ವರ್ಷಗಳಲ್ಲಿ ಅದು ಬಿ.ಪಿ. ಮಾತ್ರೆಯ ಹಾಗೆ ಅಭ್ಯಾಸವಾಗಿಬಿಟ್ಟಿತ್ತು.) ಉಮಾವತಿಯವರು ಬೈಯುತ್ತಾರೆ, ಪಾತ್ರೆ ಕುಕ್ಕುತ್ತಾರೆ, ಅರ್ಧ ಗಂಟೆಯಲ್ಲಿ ಚಹಾ ತಂದು ಮುಂದಿಡುತ್ತಾರೆ. ಅಲ್ಲಿಗೆ ಮುಗಿಯಿತು. ಸರ್ವೋತ್ತಮರು ನಿಜವಾಗಿ ಹೆದರುತ್ತಿದ್ದದ್ದು ಸೊಸೆ ಅಶ್ಮಿತಾಳಿಗೆ. ಏಕೆಂದರೆ ಅಶ್ಮಿತಾ ಬೈಯುವುದಿಲ್ಲ. ಮದುವೆಯಾಗಿ ಡೊಂಬಿವಲಿಯ ಆ ಮನೆಗೆ ಬಂದು ಎರಡು ವರ್ಷವಾಗಿತ್ತು, ಒಂದು ದಿನ ಧ್ವನಿ ಎತ್ತಿದವಳಲ್ಲ. ಒಮ್ಮೆ ಸರ್ವೋತ್ತಮರು ಅವಳ ಲ್ಯಾಪ್‌ಟಾಪಿನ ಮೇಲೆ ಜೀರಿಗೆ ಕಷಾಯ ಚೆಲ್ಲಿದರು. ಅವಳು "ಇಟ್ಸ್ ಓಕೆ, ಮಾವ" ಎಂದು ನಕ್ಕು, ಒರೆಸಿಕೊಂಡು ಒಳಗೆ ಹೋದಳು. ಆ ನಗುವನ್ನು ನೆನೆದು ಸರ್ವೋತ್ತಮರಿಗೆ ಎರಡು ದಿನ ಅನ್ನ ಸೇರಲಿಲ್ಲ.

ಅಶ್ಮಿತಾ ಮದುವೆಗಳ ವಿಡಿಯೋ ಮಾಡುವವಳು. ಥಾಣೆಯಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಗಂಡ ಕೀರ್ತನ್ ಹಡಗಿನ ಕೆಲಸದವನು, ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆಯೇ. ಹಾಗಾಗಿ ಮನೆಯಲ್ಲಿ ಉಳಿದವರು ಮೂವರು. ಆ ಮೂವರಲ್ಲಿ ಒಬ್ಬರಿಗೆ, ವಾಗ್ಳೆ ಎಸ್ಟೇಟಿನ ಪಂಪು ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ನಿವೃತ್ತರಾದ ಮೇಲೆ, ಹೊತ್ತು ಹೋಗುತ್ತಿರಲಿಲ್ಲ.

ಹೊತ್ತು ಕಳೆಯಲು ಸರ್ವೋತ್ತಮರು ಮೊದಲು ಬೋನ್ಸಾಯ್ ಮಾಡಿದರು. ಗಿಡ ಸತ್ತಿತು. ಆಮೇಲೆ ಯೋಗ ಮಾಡಿದರು. ಸೊಂಟ ಹಿಡಿಯಿತು. ಕೊನೆಗೆ ಸೊಸೆಯ ಹಳೆಯ ಕ್ಯಾಮೆರಾ ಕಣ್ಣಿಗೆ ಬಿತ್ತು. ಅದನ್ನು ಕುತ್ತಿಗೆಗೆ ಹಾಕಿಕೊಂಡು ಅಂಬರನಾಥಕ್ಕೆ ಹೋಗಿ ಪುರಾತನ ಶಿವಾಲಯದ ವಿಡಿಯೋ ಮಾಡಿಕೊಂಡು ಬಂದು, ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಿದರು. ದೇವಸ್ಥಾನ ಚೆನ್ನಾಗಿಯೇ ಬಂದಿತ್ತು, ಆದರೆ ಅದರ ಹಿಂದಿನ ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿತ್ತು. ನೋಡಿದ ನೆಂಟರೊಬ್ಬರು, ಹಿಂದೆ ಯಾರದು ಬಿಲ್ಡಿಂಗು ಎಂದು ಕೇಳಿದರು. ಆ ಒಂದು ಪ್ರಶ್ನೆ ಸರ್ವೋತ್ತಮರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಹೋಯಿತು.

ಇಂಥ ಸ್ಥಿತಿಯಲ್ಲಿ ಫೆಬ್ರವರಿ ತಿಂಗಳ ಹಿಮಾಚಲ ಪ್ರವಾಸ ಬಂತು. ನಿವೃತ್ತಿಯ ನಂತರ ಒಂದು ಸಲ ಹೆಂಡತಿಗೆ ಹಿಮ ತೋರಿಸುತ್ತೇನೆಂದು ಕೊಟ್ಟಿದ್ದ ಮಾತು. ಮೂವತ್ತೆಂಟು ಜನರ ಗುಂಪು, ಜೊತೆಗೆ ಅಡುಗೆಯವರು, ಬೆಳಿಗ್ಗೆ ಅವಲಕ್ಕಿಯ ಪೋಹೆ, ಮಧ್ಯಾಹ್ನ ತೊವ್ವೆ-ಅನ್ನದ ವರಣ್-ಭಾತ್, ಎಲ್ಲವೂ ಮುದ್ರಿತ ಕಾರ್ಯಕ್ರಮದಂತೆ. ಹಿಮ ಎಂದರೆ ಬರೀ ಬಿಳಿ. ಆಕಾಶದ ಒಂದು ತುಂಡೇ ಸುಣ್ಣದ ಗೋಡೆಯಾಗಿ ಬಂದಿದ್ದರೆ, ನೆಲ, ಬೆಟ್ಟ, ಮರ ಎಲ್ಲವೂ ಬಿಳಿಯಿರುವಲ್ಲಿ ಏನು ಬಂದೀತು? ಸರ್ವೋತ್ತಮರು ವಾರವಿಡೀ ಮೊಬೈಲಿನಲ್ಲಿ ಅಧ್ಯಯನ ನಡೆಸಿದರು. ಎಂಟನೆಯ ದಿನ ಬೆಳಿಗ್ಗೆ ಅವರಿಗೆ ಜ್ಞಾನೋದಯವಾಯಿತು. ಜ್ಞಾನದ ಹೆಸರು ರಾ ವಿಡಿಯೋ.

"ಸಾದಾ ವಿಡಿಯೋ ಅಂದ್ರೆ ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ ಅನ್ನ," ಎಂದು ಅವರು ತೆಂಗಿನಕಾಯಿ ತುರಿಯುತ್ತಿದ್ದ ಉಮಾವತಿಯವರಿಗೆ ವಿವರಿಸಿದರು. "ಮುದ್ದೆಯಾದ್ರೆ ಮುದ್ದೆಯೇ. ರಾ ಅಂದ್ರೆ ಅಕ್ಕಿ. ಹಸಿ. ಬೆಳಕು ಹೇಗೆ ಬಂತೋ ಹಾಗೇ ಕಟ್ಟಿಕೊಂಡು ಬರುವುದು. ಮನೆಗೆ ತಂದು ನಮಗೆ ಬೇಕಾದ ಹದಕ್ಕೆ ಬೇಯಿಸಿಕೊಳ್ಳಬಹುದು. ಹಿಮದ ಒಂದೊಂದು ಹರಳೂ ಕಾಣ್ತದೆ."

"ಅಕ್ಕಿ ತರುವುದು ನೀವು," ಎಂದರು ಉಮಾವತಿಯವರು, ತುರಿಯುವುದನ್ನು ನಿಲ್ಲಿಸದೆ. "ಬೇಯಿಸುವುದು ಯಾರು? ಅದನ್ನು ಹೇಳಿ."

ಉತ್ತರ ಅಶ್ಮಿತಾ ಎಂದು ಇಬ್ಬರಿಗೂ ಗೊತ್ತಿತ್ತು.

ಅಶ್ಮಿತಾ ಕೇಳಿದ ಕೂಡಲೇ ಕ್ಯಾಮೆರಾ ಕೊಟ್ಟಳು. ಈ ಬಾರಿ ಹಳೆಯದಲ್ಲ, ಅವಳು ದುಡಿಯುವ ಒಳ್ಳೆಯ ಕ್ಯಾಮೆರಾವನ್ನೇ ಕೊಟ್ಟಳು. ಹಿಮಕ್ಕೆ ಅದೇ ಸರಿ ಎಂದಳು. ಇಪ್ಪತ್ತೈದನೆಯ ತಾರೀಕು ಖಾರ್ಘರಿನಲ್ಲಿ ಮದುವೆಯಿದೆ, ಅಷ್ಟರೊಳಗೆ ಅದು ಕೈಯಲ್ಲಿದ್ದರೆ ಸಾಕು ಎಂದಳು. ನೀಲಿ ಚೀಟಿ ಅಂಟಿಸಿದ ಮೆಮೊರಿ ಕಾರ್ಡೊಂದನ್ನು ಒಳಗೆ ಹಾಕಿ, ಕೆಂಪು ಚೀಟಿಯ ಇನ್ನೊಂದನ್ನು ಮೇಜಿನ ಡ್ರಾಯರಿಗೆ ಹಾಕಿದಳು.

"ಮಾವ, ಕೆಂಪು ವಾಲಾ ಮಾತ್ರ ಮುಟ್ಟಬೇಡಿ, ಪ್ಲೀಸ್. ಉಸ್ ಮೇ ರಾ ವಿಡಿಯೋ ಕಾ ಸಾಫ್ಟ್‌ವೇರ್ ಹೈ. ಹೊರಗಿನವರು ಮಾಡಿದ್ದು, ಇನ್ನೂ ನಾನೇ ಪೂರ್ತಿ ನೋಡಿಲ್ಲ. ಕ್ಯಾಮೆರಾ ಬಂದ್ ಬಿದ್ದರೆ ಕಂಪನಿಯವರು ಕೇಳೋದೇ ಇಲ್ಲ."

ಸರ್ವೋತ್ತಮರು ಛೆ ಛೆ, ನಾನು ಯಾಕೆ ಮುಟ್ಟಲಿ ಎಂದರು. ಹೊರಡುವ ದಿನ ಅಶ್ಮಿತಾ ಸ್ಟುಡಿಯೋಗೆ ಹೋದ ಮೇಲೆ, ಮೂವತ್ತು ವರ್ಷ ಸ್ಟೋರ್ಸಿನಲ್ಲಿ ಒಂದು ನಟ್ಟನ್ನೂ ಚೀಟಿಯಿಲ್ಲದೆ ಹೊರಗೆ ಬಿಡದ ಆ ಮನುಷ್ಯರು, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಡ್ರಾಯರು ಎಳೆದರು. ಕೆಂಪು ಕಾರ್ಡು ಬನಿಯನ್ನಿನ ಒಳಗೆ ಸೇರಿತು. ಆ ಕ್ಷಣದಿಂದ ಅವರ ಎದೆ ಹೊಡೆದುಕೊಳ್ಳಲು ಶುರುವಾದದ್ದು ದೆಹಲಿಯವರೆಗೂ ನಿಲ್ಲಲಿಲ್ಲ. ರೈಲಿನಲ್ಲಿ ಟಿಕೇಟು ನೋಡುವವನು ಬಂದು ಗುರುತಿನ ಚೀಟಿ ತೋರಿಸಿ ಎಂದಾಗ, ಅವರ ಕೈ ತನ್ನಷ್ಟಕ್ಕೆ ಎದೆಯ ಮೇಲೆ ಹೋಯಿತು. ಉಮಾವತಿಯವರು ಗ್ಯಾಸಾ ಎಂದು ಕೇಳಿ ಒಂದು ಚೂರು ಶುಂಠಿ ಕೊಟ್ಟರು.

ಪ್ರವಾಸದ ಮೇಲ್ವಿಚಾರಕ ಜಯೇಶ್, ನಗುಮುಖದ ಮರಾಠಿ ತರುಣ. ಮೂವತ್ತೆಂಟೂ ಜನರನ್ನು ಕಾಕಾ, ಕಾಕೂ ಎಂದು ಕರೆಯುತ್ತ ಕೋಳಿಮರಿಗಳಂತೆ ಎಣಿಸುತ್ತಿದ್ದ. ಗುಂಪಿನಲ್ಲಿದ್ದ ಇನ್ನೊಂದು ಕನ್ನಡದ ಜೋಡಿಯೆಂದರೆ ಕಲ್ಯಾಣಿನ ಬಟ್ಟೆ ವ್ಯಾಪಾರಿ ಚನ್ನಪ್ಪ ಮತ್ತು ಅವರ ಹೆಂಡತಿ ಈರವ್ವ. ಗದಗ ಕಡೆಯವರು. ಈರವ್ವನವರು ಒಂದು ಚೀಲ ತುಂಬ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಹಿಮಾಲಯಕ್ಕೆ ತಂದಿದ್ದರು. ಮೊದಲ ದಿನವೇ ಉಮಾವತಿಯವರಿಗೂ ಅವರಿಗೂ ಜೀವದ ಗೆಳೆತನವಾಯಿತು.

ಮನಾಲಿ ದಾಟಿ, ಉದ್ದನೆಯ ಸುರಂಗವನ್ನು ಹಾದು ಆಚೆ ಬಂದರೆ ಎದುರಿಗೆ ಬರೀ ಹಿಮ. ರಸ್ತೆಬದಿಯ ಅಂಗಡಿಯಿಂದ ಬಾಡಿಗೆಗೆ ತಂದ ಉಬ್ಬಿದ ಕೋಟುಗಳನ್ನೂ ಮೊಣಕಾಲುದ್ದದ ಬೂಟುಗಳನ್ನೂ ಹಾಕಿಕೊಂಡು ಮೂವತ್ತೆಂಟು ಜನ ಬಸ್ಸಿನಿಂದ ಇಳಿದರು. ಉಮಾವತಿಯವರು ಸೀರೆ ಬಿಡಲು ಒಪ್ಪದೆ ಅದರ ಮೇಲೆಯೇ ಕೋಟು ಹಾಕಿಕೊಂಡಿದ್ದರು. ಜಯೇಶ್, ಕಾಕಾ ಪಾಯ ಜಪೂನ್, ಕಾಲು ಜೋಪಾನ ಎನ್ನುತ್ತಲೇ ಇದ್ದ. ಸರ್ವೋತ್ತಮರಿಗೆ ಕಾಲಿನ ಚಿಂತೆ ಇರಲಿಲ್ಲ. ಕಾಲು ಮುರಿದರೆ ಕೂಡುತ್ತದೆ. ಅವರು ಸೊಸೆಯ ಕ್ಯಾಮೆರಾವನ್ನು ಎರಡೂ ಕೈಗಳಿಂದ ಅಪ್ಪಿಕೊಂಡು, ಬಿದ್ದರೂ ಬೆನ್ನ ಮೇಲೆಯೇ ಬೀಳಬೇಕೆಂದು ನಿರ್ಧರಿಸಿ, ಏಡಿಯ ಹಾಗೆ ಪಕ್ಕಪಕ್ಕಕ್ಕೆ ನಡೆಯುತ್ತ ಗುಂಪಿನಿಂದ ದೂರ ಒಂದು ದಿಬ್ಬದ ಮರೆಗೆ ಹೋದರು. ಸಾಕ್ಷಿಗಳು ಇರಬಾರದಲ್ಲ.

ಸ್ಟ್ಯಾಂಡು ಊರಿದರು. ನೀಲಿ ಕಾರ್ಡು ತೆಗೆದರು. ಕೆಂಪು ಕಾರ್ಡು ಹಾಕಿದರು. ಪರದೆಯ ಮೇಲೆ ಅವರು ಎಂದೂ ಕಾಣದ ಅಕ್ಷರಗಳು, ಅಂಕೆಗಳು, ಪಟ್ಟಿಗಳು ಬಂದವು. ಒಮ್ಮೆ ಇಡೀ ಬೆಟ್ಟ ಗುಲಾಬಿಯಾಯಿತು, ಒಮ್ಮೆ ಹಸಿರಾಯಿತು. ಮೊಬೈಲಿನಲ್ಲಿ ಕಲಿತದ್ದನ್ನೆಲ್ಲ ಬಾಯಿಪಾಠದ ಹಾಗೆ ಹೇಳಿಕೊಳ್ಳುತ್ತ, ದಪ್ಪ ಕೈಗವಸಿನ ಬೆರಳಿನಿಂದಲೇ ಒಂದೊಂದು ಗುಂಡಿ ಒತ್ತಿದರು. ಪರದೆ ಸರಿಯಾಯಿತು. ಎದುರಿನ ಹಿಮಶಿಖರ, ಅದರ ಮಡಿಕೆ ಮಡಿಕೆಗಳೂ ನೆರಳುಗಳೂ ಸಮೇತ ಒಳಗೆ ಬಂದು ಕೂತಿತು. ಸರ್ವೋತ್ತಮರು ರೆಕಾರ್ಡು ಗುಂಡಿ ಒತ್ತಿದರು. ಕೈಗವಸಿನ ಬೆರಳು ಜಾರಿ ಪಕ್ಕದ ಇನ್ನಾವುದೋ ಗುಂಡಿಯೂ ಒತ್ತಿಹೋಯಿತು.

ಪರದೆ ಕಪ್ಪಾಯಿತು.

ಅವರು ಅದೇ ಗುಂಡಿಯನ್ನು ಮತ್ತೆ ಒತ್ತಲು ಹೋದರು. ಅದು ಯಾವುದೆಂದು ಗೊತ್ತಿರಲಿಲ್ಲ. ಇದ್ದಬದ್ದ ಗುಂಡಿಗಳ ಮೇಲೆಲ್ಲ ಬೆರಳು ಆಡಿಸಿದರು, ಆದರೆ ಒತ್ತಲು ಧೈರ್ಯ ಬರಲಿಲ್ಲ. ಕ್ಯಾಮೆರಾದ ಬೆನ್ನಿನ ಒಂದು ಚಿಕ್ಕ ಕೆಂಪು ದೀಪ ಮಾತ್ರ ಹತ್ತಿಕೊಂಡಿತ್ತು. ಅದು ಪ್ರಾಣ ಹೋಗುವ ಮೊದಲಿನ ಕೊನೆಯ ಕಿಡಿಯೆಂದು ಅವರಿಗೆ ಖಾತ್ರಿಯಾಯಿತು. ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿಯಲ್ಲಿ ಸರ್ವೋತ್ತಮರ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬಿತ್ತು.

ಮಾತಾಡದೆ ಇರುವುದು ಅವರಿಂದಾಗಲಿಲ್ಲ. ಸುತ್ತ ಯಾರೂ ಇರಲಿಲ್ಲ. ಅವರು ಕ್ಯಾಮೆರಾದ ಮುಂದಕ್ಕೆ ಬಂದು ಹಿಮದಲ್ಲಿ ಮೊಣಕಾಲೂರಿ, ಬಾವಿಯೊಳಗೆ ಬಿದ್ದ ಕೊಡಪಾನ ಹುಡುಕುವವರಂತೆ ಗಾಜಿನೊಳಗೆ ಇಣುಕಿದರು. ಉಸಿರು ಬಿಟ್ಟು ಒರೆಸಿದರು. ಮತ್ತೆ ಇಣುಕಿ, ಒಳಗಿರಬಹುದಾದ ಯಾವುದೋ ಜೀವಕ್ಕೆ ಕೈಮುಗಿದು ಬೇಡಿಕೊಂಡರು. ಟಿಟ್ವಾಳಾದ ಗಣಪತಿಗೆ ಇಪ್ಪತ್ತೊಂದು ಕಾಯಿ ಹೇಳಿಕೊಂಡರು. ಅರ್ಧ ನಿಮಿಷದಲ್ಲಿ ಅದನ್ನು ನೂರೆಂಟಕ್ಕೆ ಏರಿಸಿದರು. ಕೆಂಪು ದೀಪ ಹಾಗೇ ಇತ್ತು. ಪರದೆ ಕಪ್ಪಾಗಿಯೇ ಇತ್ತು. ಆಗ, ಭಯ ಹೆಚ್ಚಾದಾಗ ಕೆಲವರಿಗೆ ಬುದ್ಧಿ ಚುರುಕಾಗುತ್ತದಲ್ಲ, ಅಂಥದೊಂದು ಚುರುಕು ಅವರಿಗೂ ಬಂತು. ಊರಿಗೆ ಹೋಗುವವರೆಗೆ ಯಾರಿಗೂ ಹೇಳಬಾರದು. ಏನೂ ಆಗಿಲ್ಲವೆಂಬಂತೆ ಶೂಟಿಂಗು ಮಾಡುತ್ತಲೇ ಇರಬೇಕು. ಹೇಗೆ ಎಂಬುದನ್ನೂ ಅಲ್ಲೇ, ಗಟ್ಟಿಯಾಗಿ, ತಮಗೆ ತಾವೇ ಹೇಳಿಕೊಂಡು ತೀರ್ಮಾನಿಸಿದರು.

ಅಷ್ಟರಲ್ಲಿ ಉಮಾವತಿಯವರು ಗಂಡ ಎಲ್ಲಿ ಬಿದ್ದರೋ ಎಂದು ಹುಡುಕಿಕೊಂಡು ಬಂದರು.

"ಆಯ್ತಾ ನಿಮ್ಮ ಅಕ್ಕಿ?"

"ಆಗ್ತಾ ಉಂಟು," ಎಂದರು ಸರ್ವೋತ್ತಮರು, ಕ್ಯಾಮೆರಾದ ಹಿಂದೆ ಬಾಗಿ. "ನೀನು ಆ ಕಲ್ಲಿನವರೆಗೆ ನಿಧಾನ ನಡೆದು ಬಾ ನೋಡುವಾ. ಕ್ಯಾಮೆರಾ ನೋಡ್ಬೇಡ. ಬೆಟ್ಟ ನೋಡು."

ಉಮಾವತಿಯವರು ಗೊಣಗಿದರು, ಆದರೆ ನಡೆದರು. ಹೋಗುವಾಗ ತಲೆಯ ಮೇಲಿನ ಶಾಲು ಸರಿಮಾಡಿಕೊಂಡರು. ಬಂದ ಮೇಲೆ, ಸರಿಯಾಯ್ತಾ, ಇನ್ನೊಮ್ಮೆ ನಡೆಯಲಾ ಎಂದು ಕೇಳಿದರು. ಅವರ ಮುಖದಲ್ಲಿ ಒಂದು ಬಗೆಯ ಸಂಭ್ರಮ ಇತ್ತು. ಅದನ್ನು ನೋಡಲಾರದೆ ಸರ್ವೋತ್ತಮರು ಕಪ್ಪು ಪರದೆಯ ಮೇಲೆಯೇ ಕಣ್ಣಿಟ್ಟರು. ಬಸ್ಸು ಹೊರಡುವ ಹೊತ್ತಿಗೆ ಕೆಂಪು ದೀಪವೂ ಆರಿತ್ತು. ಅವರು ಮನಸ್ಸಿನಲ್ಲೇ ಕ್ಯಾಮೆರಾದ ಅಂತ್ಯಕ್ರಿಯೆ ಮುಗಿಸಿದರು.

ಮುಂದಿನ ಮೂರು ದಿನ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಸುಳ್ಳು ಶೂಟಿಂಗು ನಿಜವಾದದ್ದಕ್ಕಿಂತ ಕಷ್ಟ. ನಿಜವಾದದ್ದಾದರೆ ಒಮ್ಮೆ ತೆಗೆದು ಬಿಡಬಹುದು. ಸುಳ್ಳಾದ್ದರಿಂದ ಸಂಶಯ ಬಾರದಂತೆ ಮತ್ತೆ ಮತ್ತೆ ತೆಗೆಯಬೇಕು. ಉಮಾವತಿಯವರು ಹಿಮದಲ್ಲಿ ನಡೆದರು, ನಿಂತರು, ಹಿಮ ತೂರಿದರು. ಎರಡನೆಯ ದಿನ ಈರವ್ವನವರ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಬಂದರು. ಬಿಳಿಯ ಮೇಲೆ ಕೆಂಪು ಎದ್ದು ಕಾಣುತ್ತದೆಂದು ಇಬ್ಬರು ಹೆಂಗಸರೂ ಸೇರಿ ಯೋಚನೆ ಮಾಡಿದ್ದರಂತೆ. ಅವರನ್ನು ನೋಡಿ ಗುಂಪಿನ ಉಳಿದವರೂ ತಮ್ಮದೂ ತೆಗೆಯಿರಿ ಎಂದು ಸಾಲು ನಿಂತರು. ಸರ್ವೋತ್ತಮರಿಗೆ ಡೈರೆಕ್ಟರ್ ಕಾಕಾ ಎಂದು ಹೆಸರು ಬಿತ್ತು. ಜಯೇಶ್ ಊಟದಲ್ಲಿ ಅವರಿಗೆ ಒಂದು ಗುಲಾಬ್ ಜಾಮೂನು ಹೆಚ್ಚು ಹಾಕಿಸತೊಡಗಿದ.

ತೋರಿಸಿ ಎಂದು ಕೇಳಿದವರಿಗೆಲ್ಲ, ಇದು ಹಸಿ, ಬೇಯಿಸದೆ ತೋರಿಸಲಿಕ್ಕಾಗದು ಎಂಬ ಒಂದೇ ಉತ್ತರ. ಅದು ಮೂರನೆಯ ದಿನದವರೆಗೆ ನಡೆಯಿತು. ಅಂದು ಚನ್ನಪ್ಪನವರು ನದಿಯ ದಂಡೆಯಲ್ಲಿ ಹತ್ತು ನಿಮಿಷ ಎದೆಯುಬ್ಬಿಸಿ ನಿಂತು, ಆಮೇಲೆ ಹತ್ತಿರ ಬಂದು ಕ್ಯಾಮೆರಾವನ್ನೇ ದಿಟ್ಟಿಸಿದರು.

"ಸರ್ವೋತ್ತಮ ಅವರ, ಮುಚ್ಚಳಾ ತಗದೇ ಇಲ್ಲಲ್ರೀ. ಹಿಂಗಾದ್ರ ಚಿತ್ರಾ ಹೆಂಗ ಬರ್ತದ?"

ಸರ್ವೋತ್ತಮರು ನೋಡಿದರು. ಲೆನ್ಸಿನ ಮುಚ್ಚಳ ಬೆಳಿಗ್ಗೆಯಿಂದ ಹಾಕಿದಂತೆಯೇ ಇತ್ತು. ಸತ್ತ ಕ್ಯಾಮೆರಾಕ್ಕೆ ಮುಚ್ಚಳ ತೆಗೆದರೇನು, ಹಾಕಿದರೇನು ಎಂದು ಕೈ ತನ್ನಷ್ಟಕ್ಕೆ ಉದಾಸೀನ ಮಾಡಿತ್ತು.

"ರಾ ವಿಡಿಯೋ ಅಲ್ವಾ ಚನ್ನಪ್ಪನವರೇ," ಎಂದರು, ತಮ್ಮ ಧ್ವನಿ ಬೇರೆ ಯಾರದೋ ಎನ್ನಿಸುವ ಹಾಗೆ. "ಹಿಮದ ಬೆಳಕು ಭಾರೀ ಜೋರು. ಮುಚ್ಚಳದಲ್ಲಿ ಸೋಸಿಯೇ ಒಳಗೆ ಬಿಡ್ಬೇಕು."

ಚನ್ನಪ್ಪನವರು ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದರು. "ಚಾ ಸೋಸಿದಂಗ," ಎಂದು ತಲೆದೂಗಿ, ಹೊಸ ವಿದ್ಯೆಯನ್ನು ಗುಂಪಿಗೆಲ್ಲ ಹಂಚಲು ಹೋದರು. ಅಂದು ಮಧ್ಯಾಹ್ನ ಇಬ್ಬರು ಹಿರಿಯರು ಮೊಬೈಲಿನ ಕಣ್ಣಿಗೆ ಕರವಸ್ತ್ರ ಕಟ್ಟಿ ಹಿಮದ ಫೋಟೋ ತೆಗೆಯುತ್ತಿದ್ದುದನ್ನು ಸರ್ವೋತ್ತಮರು ತಮ್ಮ ಕಣ್ಣಾರೆ ಕಂಡು, ಮುಖ ತಿರುಗಿಸಿಕೊಂಡರು.

ಸಂಜೆ ಅಶ್ಮಿತಾಳ ಫೋನು ಬಂತು. ಮಾವ, ಕ್ಯಾಮೆರಾ ಹೇಗಿದೆ ಎಂದು ಅವಳು ಕೇಳಿದ್ದಷ್ಟೇ. ಕ್ಯಾಮೆರಾ ಆರಾಮ, ಚಳಿಗೆ ಸ್ವಲ್ಪ ಮಂಕಾಗಿದೆ, ಊಟ ಗೀಟ ಸರಿಯುಂಟು ಎಂದು ಸರ್ವೋತ್ತಮರು ಮನೆಯವರ ಆರೋಗ್ಯ ಹೇಳಿದಂತೆ ಹೇಳಿ, ಇಲ್ಲಿ ನೆಟ್‌ವರ್ಕ್ ಇಲ್ಲ ಎಂದು ಕಡಿದರು. ಎರಡು ನಿಮಿಷದಲ್ಲಿ ಅವಳು ಅತ್ತೆಗೆ ವಿಡಿಯೋ ಕರೆ ಮಾಡಿ ಅರ್ಧ ಗಂಟೆ ಮಾತಾಡಿದಳು. ಇಳಕಲ್ ಸೀರೆ, ನಡಿಗೆ, ಡೈರೆಕ್ಟರ್ ಕಾಕಾ ಎಲ್ಲವೂ ಡೊಂಬಿವಲಿಗೆ ತಲುಪಿದವು. ಸರ್ವೋತ್ತಮರು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟುಕೊಂಡಿದ್ದರು.

ಇಪ್ಪತ್ತಮೂರನೆಯ ತಾರೀಕು ಬೆಳಿಗ್ಗೆ ರೈಲು ಕಲ್ಯಾಣ್ ಮುಟ್ಟಿತು. ಫಿಲಂ ತಯಾರಾದ ಕೂಡಲೇ ತಮ್ಮ ಮನೆಯಲ್ಲೇ ಎಲ್ಲರೂ ಸೇರಿ ನೋಡುವುದೆಂದು ಚನ್ನಪ್ಪನವರು ಪ್ಲಾಟ್‌ಫಾರಂನಲ್ಲೇ ಘೋಷಿಸಿದರು. ಡೊಂಬಿವಲಿಗೆ ಹೋಗುವ ರಿಕ್ಷಾದಲ್ಲಿ ಸರ್ವೋತ್ತಮರು ಸೊಸೆಗೆ ಹೇಳಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಹೊಂದಿಸಿದರು. ಬಿತ್ತು ಎನ್ನುವುದೋ, ತಾನೇ ನಿಂತಿತು ಎನ್ನುವುದೋ, ಚಳಿಗೆ ಸೆಟೆಯಿತು ಎನ್ನುವುದೋ, ಯಾರೋ ಮುಟ್ಟಿದರು ಎನ್ನುವುದೋ. ಎರಡೇ ದಿನದಲ್ಲಿ ಮದುವೆ. ಆ ಹುಡುಗಿ ಕಷ್ಟಪಟ್ಟು ಕಟ್ಟಿದ ಹೆಸರು. ಮೂರು ಮಹಡಿ ಹತ್ತುವಷ್ಟರಲ್ಲಿ ನಾಲ್ಕೂ ಮಾತು ಮರೆತುಹೋಗಿದ್ದವು. ಬಾಗಿಲು ತೆರೆದ ಅಶ್ಮಿತಾಳ ಮುಂದೆ ಅವರು ಚಪ್ಪಲಿ ಕೂಡ ಬಿಡದೆ ನಿಂತರು.

"ನಾನು ಕೆಂಪು ಕಾರ್ಡು ತಗೊಂಡು ಹೋಗಿದ್ದೆ ಮಗಾ. ನಿನ್ನ ಕ್ಯಾಮೆರಾ ಸತ್ತುಹೋಯ್ತು."

ಹಿಂದೆ ಚೀಲ ಹಿಡಿದು ನಿಂತಿದ್ದ ಉಮಾವತಿಯವರು, ಯಾವಾಗ ಎಂದು ಕೇಳಿದರು. ನಿನ್ನೆ ಎಂದರು ಸರ್ವೋತ್ತಮರು. (ಅರ್ಧ ಸತ್ಯ ಹೇಳಿದ ಮೇಲೆ ಉಳಿದರ್ಧಕ್ಕೆ ಧೈರ್ಯ ಉಳಿಯಲಿಲ್ಲ.)

ಅಶ್ಮಿತಾ ಮಾವನ ಹೆಗಲಿನ ಚೀಲ ಇಳಿಸಿಕೊಂಡಳು. ಕ್ಯಾಮೆರಾ ತೆಗೆದುಕೊಂಡು ಕೂತಳು. ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕಿದಳು. ಯಾವುದೋ ಎರಡು ಗುಂಡಿ ಒತ್ತಿದಳು. ಪರದೆ ಬೆಳಗಿತು, ಅದರೊಳಗೆ ಅವರ ಮನೆಯ ಫ್ಯಾನು ತಿರುಗುತ್ತಿರುವುದು ಕಾಣಿಸಿತು.

"ಕುಛ್ ನಹೀ ಹುವಾ, ಮಾವ," ಎಂದಳು. "ಪರದೆ ಆಫ್ ಮಾಡೋ ಗುಂಡಿ ಒತ್ತಿದ್ದೀರಿ, ಅಷ್ಟೇ. ಆಮೇಲೆ ಚಳಿಗೆ ಬ್ಯಾಟರಿ ಇಳಿದಿದೆ."

ಸರ್ವೋತ್ತಮರಿಗೆ ಮೊದಲು ಕಿವಿ ಕೇಳಿಸಲಿಲ್ಲ. ಕೇಳಿಸಿದ ಮೇಲೆ ಸೋಫಾದ ಮೇಲೆ ಕುಸಿದು ಮೂರು ಲೋಟ ನೀರು ಕುಡಿದರು. ಎದ್ದು ಹೋಗಿ ಕ್ಯಾಮೆರಾದ ಬೆನ್ನು ತಟ್ಟಿದರು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಗುಡ್ಡ ಇಳಿದು ಹೋಗಿ, ಸ್ನಾನಕ್ಕೆ ನೀರು ಕಾಯಿಸು ಎಂದು ಹೆಂಡತಿಗೆ ಗತ್ತಿನಿಂದ ಹೇಳುವಷ್ಟು ಶಕ್ತಿ ಬಂತು.

"ಏಕ್ ಫೈಲ್ ಹೈ ಇದರಲ್ಲಿ," ಎಂದಳು ಅಶ್ಮಿತಾ. "ಹನ್ನೊಂದು ನಿಮಿಷದ್ದು. ಪರದೆ ಮಾತ್ರ ಬಂದ್, ರೆಕಾರ್ಡಿಂಗ್ ಚಾಲೂ ಇತ್ತು. ಕಾರ್ಡ್ ತುಂಬುವವರೆಗೆ."

ಗುಡ್ಡ ವಾಪಸು ಬಂದು ಕೂತಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಆ ಅಕ್ಕಿಯನ್ನು ಬೇಯಿಸಿ ದೊಡ್ಡ ಟಿ.ವಿ.ಗೆ ಹಾಕಿದಳು. ಹಿಮಶಿಖರ ಬಂತು. ನಿಜಕ್ಕೂ ಒಂದೊಂದು ಹರಳೂ ಕಾಣುತ್ತಿತ್ತು. ಆಕಾಶ ನೀಲಿಯಾಗಿತ್ತು. ನೆರಳುಗಳು ನೆರಳುಗಳಾಗಿದ್ದವು. ಅಶ್ಮಿತಾ ಮುಂದಕ್ಕೆ ಬಾಗಿ, ವಾ ಮಾವ ಎಂದಳು. ಆಗ ಪರದೆಯ ಕೆಳಗಿನಿಂದ ನಿಧಾನವಾಗಿ ಸರ್ವೋತ್ತಮರ ಮುಖ ಮೇಲೆದ್ದು ಬಂದು, ನಲವತ್ತಮೂರು ಇಂಚನ್ನು ತುಂಬಿ ನಿಂತಿತು. ಅದೂ ಅಷ್ಟೇ ಸ್ಪಷ್ಟವಾಗಿತ್ತು. ಮೂಗಿನ ಕೂದಲು, ಹುಬ್ಬಿನ ಮೇಲಿನ ಬೆವರಿನ ಹನಿ, ಕಣ್ಣಂಚಿನ ನೀರು, ನಡುಗುವ ಗಲ್ಲ. ಹಿಂದೆ ಕೋಟ್ಯಂತರ ವರ್ಷಗಳ ಹಿಮಾಲಯ, ಮುಂದೆ ಕೈಮುಗಿದು ತುಟಿಯಾಡಿಸುತ್ತಿರುವ ಸರ್ವೋತ್ತಮರು. ಧ್ವನಿ ಮಾತ್ರ ಇರಲಿಲ್ಲ.

"ಎಂತ ಹೇಳ್ತಾ ಇದ್ದೀರಿ ಅಲ್ಲಿ?" ಎಂದು ಕೇಳಿದರು ಉಮಾವತಿಯವರು.

"ವಿಷ್ಣು ಸಹಸ್ರನಾಮ," ಎಂದರು ಸರ್ವೋತ್ತಮರು. "ಅಂಥ ಜಾಗ ನೋಡಿದಾಗ ತನ್ನಷ್ಟಕ್ಕೇ ಬರ್ತದೆ."

ಮನಸ್ಸಿನಲ್ಲಿ ಅವರು ರಾ ವಿಡಿಯೋ ಕಂಡುಹಿಡಿದ ಪುಣ್ಯಾತ್ಮನಿಗೆ ಕೈಮುಗಿಯುತ್ತಿದ್ದರು. ಬೆಳಕನ್ನೆಲ್ಲ ಹಿಡಿದು ಮಾತನ್ನು ಬಿಟ್ಟನಲ್ಲ. ಅಷ್ಟರಲ್ಲಿ ಅಶ್ಮಿತಾ, ಸೌಂಡ್ ಬೇರೆ ಫೈಲಲ್ಲಿ ಇರುತ್ತೆ, ಒಂದು ನಿಮಿಷ ಎಂದು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಸರ್ವೋತ್ತಮರು ಅದೆಲ್ಲ ಯಾಕೆ ಮಗಾ, ಊಟ ಆರ್ತದೆ ಎಂದರು. ಕೆಲಸದಲ್ಲಿ ಮುಳುಗಿದ್ದ ಅವಳಿಗೆ ಕೇಳಿಸಲಿಲ್ಲ. ಆ ಒಂದು ನಿಮಿಷ ಅವರಿಗೆ ಇಡೀ ಪ್ರವಾಸಕ್ಕಿಂತ ಉದ್ದವಾಗಿತ್ತು. ಎದ್ದು ಹೋಗೋಣವೆಂದರೆ ಉಮಾವತಿಯವರು ಬಾಗಿಲ ದಾರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು.

ಮುಖ ಮತ್ತೆ ಮೇಲೆದ್ದು ಬಂತು. ಈ ಬಾರಿ ಧ್ವನಿ ಸಮೇತ.

"ಏಳು ಮಾರಾಯ. ಒಮ್ಮೆ ಏಳು. ನೀನು ನನ್ನವನಲ್ಲ, ಆ ಹುಡುಗಿಯ ಅನ್ನ ನೀನು. ಅವಳು ನನ್ನನ್ನು ನಂಬಿ ಕೊಟ್ಟದ್ದು." ನೂರೆಂಟು ಕಾಯಿಯ ಹರಕೆಯೂ ಬಂತು. ಮೂಗು ಒರೆಸಿಕೊಂಡದ್ದೂ ಬಂತು. ಅಶ್ಮಿತಾ ಮಾವನ ಕಡೆ ನೋಡಿದಳು. ಅವಳ ಕಣ್ಣು ತುಂಬಿದ್ದು ನಗುವಿನಿಂದಲೋ ಬೇರೆಯದರಿಂದಲೋ ಅವರಿಗೆ ತಿಳಿಯಲಿಲ್ಲ. ಪರದೆಯ ಮೇಲಿನ ಸರ್ವೋತ್ತಮರು ಎದ್ದು ಕ್ಯಾಮೆರಾದ ಹಿಂದಕ್ಕೆ ಹೋದರು. ಶಿಖರ ಮತ್ತೆ ಖಾಲಿಯಾಯಿತು. ಅವರ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಯಾರಿಗೂ ಹೇಳುವುದು ಬೇಡ. ಉಮಳನ್ನು ನಡೆಸುವಾ. ಅವಳು ನಡೀತಾ ಇದ್ರೆ ಶೂಟಿಂಗ್ ಆಗ್ತಾ ಉಂಟು ಅಂತ ಎಲ್ಲರೂ ನಂಬ್ತಾರೆ. ಅವಳಿಗೆ ಎಂತ ಗೊತ್ತಾಗ್ತದೆ."

ಆ ಮಾತಿನ ಬೆನ್ನಿಗೇ ಉಮಾವತಿಯವರು ಚೌಕಟ್ಟಿನೊಳಗೆ ಬಂದರು. ಹಿಮದ ಮೇಲೆ, ಬೆಟ್ಟದ ಕೆಳಗೆ, ಶಾಲು ಸರಿಮಾಡಿಕೊಳ್ಳುತ್ತ ಕಲ್ಲಿನವರೆಗೆ ನಡೆದರು. ಬಿಸಿಲು ಅವರ ಮುಖದ ಒಂದು ಬದಿಗೆ ಬಿದ್ದಿತ್ತು. ಅಷ್ಟು ಚೆಂದದ ದೃಶ್ಯವನ್ನು ಸರ್ವೋತ್ತಮರು ಜೀವಮಾನದಲ್ಲಿ ತೆಗೆದಿರಲಿಲ್ಲ. ಮುಂದೆ ತೆಗೆಯುವ ಸಂಭವವೂ ಇರಲಿಲ್ಲ. ಹನ್ನೊಂದು ನಿಮಿಷ ಮುಗಿದು ಟಿ.ವಿ. ಕಪ್ಪಾಯಿತು.

ಉಮಾವತಿಯವರು ಬೈಯಲಿಲ್ಲ. ಪಾತ್ರೆ ಕುಕ್ಕಲಿಲ್ಲ. "ಅಶ್ಮಿತಾ, ಆ ನಡೆಯುವುದು ಇನ್ನೊಮ್ಮೆ ಹಾಕು," ಎಂದರು. ನಾಲ್ಕು ಸಲ ನೋಡಿದರು. ಆಮೇಲೆ ಎದ್ದು ಹೋಗಿ ರಾತ್ರಿಯ ಊಟಕ್ಕೆ ಅಕ್ಕಿ ತೊಳೆದರು. ಅಂದು ಸಂಜೆ ಚಹಾ ಬಂತು, ಸಕ್ಕರೆಯೂ ಸರಿಯಾಗಿತ್ತು, ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಸರ್ವೋತ್ತಮರು ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ನೋಡಿದರು. ಅದು ಸದ್ದಿಲ್ಲದೆ ಹಗ್ಗದ ಮೇಲೆ ಹೋಯಿತು. ಅವರಿಗೆ ಹಿಮದಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಯಿತು.

ಆ ಸಂಜೆ ಅಶ್ಮಿತಾಳ ಸಹಾಯಕಿಗೆ ಜ್ವರವೆಂದು ಫೋನು ಬಂತು. ಮದುವೆಮನೆಯ ಹೆಂಗಸರನ್ನು ಹೊಂದಿಸಿ ನಿಲ್ಲಿಸುವುದು, ವಧುವನ್ನು ನಡೆಸುವುದು ಆ ಸಹಾಯಕಿಯ ಕೆಲಸ. ನಾಳೆ ಯಾರು ಎಂದು ಅಶ್ಮಿತಾ ತಲೆಗೆ ಕೈ ಹಚ್ಚಿದಳು. ಸರ್ವೋತ್ತಮರು ಗಂಟಲು ಸರಿಮಾಡಿಕೊಂಡರು.

"ನಾನು ಬರ್ತೇನೆ," ಎಂದರು ಉಮಾವತಿಯವರು. "ಹೇಗೆ ನಡೆಯಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು. ಚೀಲ ಹೊರಲಿಕ್ಕೆ ಮನೆಯಲ್ಲಿ ಒಬ್ಬರು ಇದ್ದಾರಲ್ಲ."

ಹೀಗೆ ಇಪ್ಪತ್ತೈದರಂದು ಸರ್ವೋತ್ತಮರು ಎರಡು ಹೆಗಲಿಗೆ ಎರಡು ಚೀಲ ಹಾಕಿಕೊಂಡು ಖಾರ್ಘರಿನ ಮದುವೆಮನೆಗೆ ಹೋದರು. ಏನನ್ನೂ ಒತ್ತಬಾರದೆಂಬುದೊಂದೇ ಅವರಿಗಿದ್ದ ಸೂಚನೆ. ಉಮಾವತಿಯವರು ವಧುವನ್ನು ಮಂಟಪದವರೆಗೆ ಹೇಗೆ ನಡೆಸಿದರೆಂದರೆ, ಗದ್ದಲದ ಸಭಾಂಗಣ ಆ ಒಂದು ನಿಮಿಷ ಸುಮ್ಮನಾಯಿತು. ಮೊಣಕಾಲು ನೋವಿದ್ದ, ವಧುವಿನ ಸೋದರಮಾವನನ್ನು ಅವರು ಮೂರು ಸಲ ನಡೆಸಿದರು. ಅವನು ಮೂರು ಸಲವೂ ನಗುತ್ತಲೇ ನಡೆದ. ವಧುವಿನ ತಾಯಿ ಅವರ ಕೈ ಹಿಡಿದುಕೊಂಡು ಮೊದಲ ಪಂಕ್ತಿಗೇ ಕರೆದೊಯ್ದು ಕೂರಿಸಿದರು.

ಸರ್ವೋತ್ತಮರು ಕಂಬದ ಬಳಿ ಚೀಲ ಕಾಯುತ್ತ ನಿಂತಿದ್ದರು. ಪೇಟ ತೊಟ್ಟ ಹಿರಿಯರೊಬ್ಬರು ಹತ್ತಿರ ಬಂದು, ತಾವು ಹುಡುಗಿ ಕಡೆಯವರೋ, ಹುಡುಗನ ಕಡೆಯವರೋ ಎಂದು ಆದರದಿಂದ ವಿಚಾರಿಸಿದರು.

"ಕ್ಯಾಮೆರಾದ ಕಡೆಯವರು," ಎಂದರು ಸರ್ವೋತ್ತಮರು.

"ಹಾಗಾದ್ರೆ ನಿಮ್ಮದು ಕೊನೇ ಪಂಕ್ತಿ," ಎಂದು ಹಿರಿಯರು ಮುಂದೆ ಹೋದರು.

ಆಗ ಉಮಾವತಿಯವರು ಎಲೆಯ ಮುಂದಿನಿಂದ ತಲೆಯೆತ್ತಿ ನೇರ ಅವರ ಕಡೆ ನೋಡಿದರು. ಎರಡು ದಿನದಲ್ಲಿ ಮೊದಲ ಸಲ. ನೋಡಿ, ಕೈಯೆತ್ತಿ ಸನ್ನೆ ಮಾಡಿದರು. ಸರ್ವೋತ್ತಮರ ಎದೆ ಹಗುರಾಯಿತು. ಪಕ್ಕದ ಎಲೆ ಖಾಲಿ ಇದೆ, ಕರೆಯುತ್ತಿದ್ದಾಳೆ ಎಂದುಕೊಂಡು ಚೀಲಗಳನ್ನು ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. ಸನ್ನೆ ಇನ್ನೂ ಜೋರಾಯಿತು. ಅವರು ಇನ್ನೂ ಎರಡು ಹೆಜ್ಜೆ ಬಂದರು. ಆಗ ಹಿಂದಿನಿಂದ ಅಶ್ಮಿತಾಳ ಮೃದುವಾದ ಧ್ವನಿ ಕೇಳಿಸಿತು.

"ಮಾವ, ಥೋಡಾ ಬಾಜೂ. ನೀವು ಫ್ರೇಮಲ್ಲಿ ಬರ್ತಿದ್ದೀರಿ. ಅತ್ತೆ ಆಗಿಂದ ಅದೇ ಹೇಳ್ತಿದ್ದಾರೆ."